ಬಿಟ್ಟು ಓದಿದ ಸಾಲು

ಜತ್ತ ತಾಲ್ಲೂಕಿನ ನಮ್ಮ ಮರಡಿ ನೆಲದಲ್ಲಿ ಮಳೆ ಕಡಿಮೆ, ಕಲ್ಲು ಹೆಚ್ಚು. ಹುಲ್ಲನ್ನರಸಿ ದನಗಳು ದಿನವಿಡೀ ನಡೆಯಬೇಕು. ಅದಕ್ಕೆ ತಕ್ಕ ತಳಿ ಖಿಲಾರಿ: ಬಿಳಿ ಮೈ, ಉದ್ದನೆಯ ಕೊಂಬು, ಗಟ್ಟಿ ಗೊರಸು, ಬಿಸಿಲಿಗೆ ಬಗ್ಗದ ಜೀವ. ಎತ್ತುಗಳಿಗೆ ಹೆಸರಾದ ಈ ತಳಿಯಲ್ಲಿ ಹಾಲು ಮಾತ್ರ ಕಡಿಮೆ. ಕರು ಕುಡಿದು ಉಳಿದದ್ದೇ ಮನೆಗೆ.

ನಾನು ಏಳನೆಯ ತರಗತಿಯಲ್ಲಿದ್ದಾಗ ಅಪ್ಪ ನಮ್ಮ ಖಿಲಾರಿ ಆಕಳಿನಿಂದ ಮಿಶ್ರತಳಿ ಪಡೆಯುವ ವಿಚಾರ ಮಾಡಿದರು. ಅವರಿಗೆ ಮರಾಠಿ ಓದಲು ಬಾರದು. ಯಾರೋ ಕೊಟ್ಟ ಮರಾಠಿ ಕರಪತ್ರವನ್ನು ನಾನು ಕನ್ನಡದಲ್ಲಿ ಹೇಳಬೇಕಾಯಿತು. ಹೋಲ್‌ಸ್ಟೀನ್ ಹೆಚ್ಚು ಹಾಲು ಕೊಡುವುದಾದರೂ ಅದರ ದೊಡ್ಡ ಮೈಗೆ ಮೇವು ಬಹಳ ಬೇಕು, ಬಿಸಿಲೂ ತಾಳದು; ಜರ್ಸಿ ಚಿಕ್ಕ ಮೈಯದು, ತುಸು ತಾಳಿಕೆಯುಳ್ಳದ್ದು. ಇಷ್ಟನ್ನು ಸರಿಯಾಗಿಯೇ ಹೇಳಿದೆ. ಮುಂದೆ ‘ರಕ್ತಪ್ರಮಾಣ’ ಎಂಬ ಮಾತು ಬಂದಿತು. ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೆನ್ನಲು ನಾಚಿಕೆಯಾಗಿ ಆ ಸಾಲುಗಳನ್ನು ಬಿಟ್ಟು, ಹಾಲಿನ ಲೆಕ್ಕಕ್ಕೆ ಹಾರಿದೆ.

ಹುಟ್ಟಿದ ಹೆಣ್ಣುಗರು ಅರ್ಧ ಜರ್ಸಿ, ಅರ್ಧ ಖಿಲಾರಿ. ಬೆಳೆದು ಎರಡು ಹೊತ್ತೂ ಚರಿಗೆ ತುಂಬ ಹಾಲು ಕೊಟ್ಟಿತು, ಮರಡಿಯನ್ನೂ ಹತ್ತಿತು. ಹುರುಪಿನಿಂದ ಅಪ್ಪ ಅದಕ್ಕೂ ಜರ್ಸಿಯನ್ನೇ ಕೊಡಿಸಿದರು. ಆ ಮುಂದಿನ ಕರುವಿನಲ್ಲಿ ಜರ್ಸಿಯ ಪಾಲು ಶೇ. 75ಕ್ಕೇರಿತ್ತು. ನೋಡಲು ಚೆಂದ, ಆದರೆ ಮಾರ್ಚ್ ಬಂದಿತೆಂದರೆ ನಾಲಿಗೆ ಚಾಚಿ ತೇಕುತ್ತ ಬೇವಿನ ನೆರಳು ಬಿಡುತ್ತಿರಲಿಲ್ಲ. ಮೇವು, ನೀರು ಎರಡೂ ಬತ್ತಿದ ಒಂದು ಬೇಸಿಗೆಯಲ್ಲಿ, ಈದ ತಿಂಗಳೊಳಗೆ ಅದು ಸತ್ತಿತು. ಮುದಿ ಖಿಲಾರಿ ಅಜ್ಜಿ ಒಣ ಕಣಕಿ ಮೆಲ್ಲುತ್ತ ಪಕ್ಕದಲ್ಲೇ ನಿಂತಿತ್ತು.

ವರ್ಷಗಳ ಬಳಿಕ ಟ್ರಂಕಿನಲ್ಲಿ ಆ ಕರಪತ್ರ ಸಿಕ್ಕಿತು. ನಾನು ಬಿಟ್ಟ ಸಾಲುಗಳು ಹೇಳಿದ್ದಿಷ್ಟೇ: ಬರದ ಸೀಮೆಯಲ್ಲಿ ವಿದೇಶಿ ತಳಿಯ ಪಾಲು ಅರ್ಧವನ್ನು ಮೀರಬಾರದು, ಮಿಶ್ರತಳಿಯ ಆಕಳಿಗೆ ಅರ್ಧತಳಿಯ ಹೋರಿಯನ್ನೇ ಕೂಡಿಸಬೇಕು.

ಅಪ್ಪನೆದುರು ಒಪ್ಪಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ತಿಳೀಲಿಲ್ಲ ಅಂದಿದ್ರ ಸಾಕಿತ್ತು ತಮ್ಮಾ, ಮಾಸ್ತರನ್ನ ಕೇಳತಿದ್ವಿ” ಎಂದರು.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಅನೇಕರು ಮನೆಯವರಿಗೆ ಮರಾಠಿ ಕಾಗದಗಳನ್ನು ಓದಿ ಹೇಳುವವರು. ಎರಡು ಭಾಷೆ ಬಲ್ಲವನ ಬಾಯನ್ನು ನಂಬಿ ಒಂದು ಮನೆ ನಡೆಯುತ್ತದೆ. ತಿಳಿಯದ ಸಾಲು ಬಂದರೆ ದಯವಿಟ್ಟು ಅಲ್ಲಿಯೇ ನಿಲ್ಲಿ. ತರಗತಿಯಲ್ಲಿ ನಾನು ನಿಮ್ಮನ್ನು ಅಷ್ಟು ಸಲ ನಿಲ್ಲಿಸಿ ಅರ್ಥ ಕೇಳುವುದೂ ಅದಕ್ಕಾಗಿಯೇ.