ಬುಡ ಮೇಲಾದ ಕಂಬಗಳು

ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿಯ ಅರಮನೆ, ಕೋಟೆಗಳನ್ನು ಎಲ್ಲರಂತೆ ನಾವೂ ನೋಡಿ ಬಂದೆವು. ಆದರೆ ಊರಿಗೆ ಮರಳಿದ ಮೇಲೆ ನಮ್ಮ ಮನಸ್ಸಿನಲ್ಲಿ ನಿಂತುದು ಒಂದು ಕಣಜದ ಮನೆ. ಹೀಥ್ರೋ ವಿಮಾನನಿಲ್ದಾಣದ ಉತ್ತರದ ಮಗ್ಗುಲಲ್ಲಿ ಹಾರ್ಮಂಡ್ಸ್‌ವರ್ತ್ ಎಂಬ ಗ್ರಾಮವಿರುವುದು. ಅಲ್ಲಿಯ ಜಮೀನು ವಿಂಚೆಸ್ಟರ್ ವಿದ್ಯಾಲಯಕ್ಕೆ ಸೇರಿದ್ದಾಗ, 1426-27ರಲ್ಲಿ, ಅದರ ಬೆಳೆಯನ್ನು ತುಂಬಿಡಲು ಕಟ್ಟಿದ ಧಾನ್ಯಶಾಲೆಯಿದು. ವಿದ್ಯಾರ್ಥಿಗಳ ಅನ್ನಕ್ಕೆ ಆಧಾರವಾಗಿದ್ದ ಕಟ್ಟಡವೆಂದ ಮೇಲೆ ಹಳೆಯ ಉಪಾಧ್ಯಾಯರಾದ ನಮಗೆ ಅದರಲ್ಲಿ ಅಭಿಮಾನ ಹುಟ್ಟಿದುದು ಸಹಜವೇ.

ಉದ್ದ 192 ಅಡಿ. ಅಗಲ ಎತ್ತರಗಳೆರಡೂ 40 ಅಡಿಗೆ ತುಸು ಕಡಮೆ. ಹೊರಗೆ ಹಲಗೆಯ ಗೋಡೆ, ಹೆಂಚಿನ ಮಾಡು, ಇಷ್ಟೇ. ಒಳಹೊಕ್ಕೊಡನೆ ನಾವು ಅರಿಯದೆ ಧ್ವನಿ ತಗ್ಗಿಸಿದೆವು. ಎರಡು ಸಾಲು ಓಕ್ ಕಂಬಗಳು, 12 ಅಂಕಣಗಳು, ಮೇಲೆ ಕತ್ತಲಲ್ಲಿ ಕರಗಿಹೋಗುವ ತೊಲೆ ಜಂತೆಗಳು. ಕವಿ ಜಾನ್ ಬೆಟ್ಜಮನ್ ಇದನ್ನು ಆ ಸೀಮೆಯ ಮಹಾದೇವಾಲಯವೆಂದು ಕರೆದುದು ಅತಿಶಯೋಕ್ತಿಯಲ್ಲ.

ಕಂಬಗಳನ್ನು ನೆಲದಲ್ಲಿ ಹೂಳಿಲ್ಲ. ನಮ್ಮ ತೊಟ್ಟಿಮನೆಗಳಲ್ಲಿರುವಂತೆ ಕಲ್ಲಿನ ಪೀಠಗಳ ಮೇಲೆ ನಿಲ್ಲಿಸಿದ್ದಾರೆ. ಇನ್ನೊಂದು ವಿಶೇಷ, ಮರದ ಬುಡ ಮೇಲಕ್ಕಿದೆ, ತುದಿ ಕೆಳಕ್ಕಿದೆ! ಗೀತೆಯ 15ನೆಯ ಅಧ್ಯಾಯದ ಅಶ್ವತ್ಥವನ್ನು ನಾವು ಎಷ್ಟೋ ಸಲ ಪಾಠ ಹೇಳಿದ್ದೆವು. ಕಣ್ಣಾರೆ ಕಂಡುದು ಇಲ್ಲಿ. ಬಡಗಿಯ ಕಾರಣವೇನೋ ಲೌಕಿಕವಾದುದು. ಉದ್ದ ತೊಲೆಯೂ ಅಡ್ಡ ತೊಲೆಯೂ ಕಂಬದ ತಲೆಯಲ್ಲಿಯೇ ಬಂದು ಕೂಡುವುವು. ಅಲ್ಲಿ ಕುಳಿ ಕೊರೆದು, ತೊಲೆಯ ನಾಲಗೆಯನ್ನು ಸೇರಿಸಿ, ಮರದ ಬೆಣೆ ಜಡಿಯಬೇಕಾದರೆ ಮರ ದಪ್ಪವಿರಬೇಕು. ಆದುದರಿಂದ ದಪ್ಪನೆಯ ಬುಡವೇ ಮೇಲಾಯಿತು. ಅಂದಿನ ಮರದಲ್ಲಿ ನೂರಕ್ಕೆ 95ರಷ್ಟು ಇಂದಿಗೂ ಉಳಿದಿದೆಯಂತೆ.

ಇಂತಹ ಕಟ್ಟಡವನ್ನು 2006ರಲ್ಲಿ ಒಂದು ಕಂಪನಿಯು 1 ಪೌಂಡಿಗೆ ಕೊಂಡಿತು. ಹೆಂಚು ಜಾರಿತು, ಮಳೆ ಒಳನುಗ್ಗಿತು. 2011ರ ಕೊನೆಗೆ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯು 20,000 ಪೌಂಡು ಕೊಟ್ಟು ಕೊಂಡು ದುರಸ್ತಿ ಮಾಡಿಸಿತು. ಅಷ್ಟರಿಂದ ನಿಶ್ಚಿಂತೆಯಾಗಲಿಲ್ಲ. ವಿಮಾನನಿಲ್ದಾಣದ ಮೂರನೆಯ ಓಡುದಾರಿಗೆ ಪಾರ್ಲಿಮೆಂಟಿನ ಕೆಳಮನೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಯೋಜನೆಯಂತೆ ನಡೆದರೆ ಗ್ರಾಮದ ಬಹುಭಾಗದ ಮನೆಗಳು ಹೋಗುವುವು. ಕಣಜ ಮಾತ್ರ ಎಲ್ಲೆಯ ಹೊರಗೆ ಉಳಿಯುವುದು. ಉಳಿಯಿತೆಂದು ಸಂತೋಷಪಡುವುದೋ? ಒಕ್ಕಲಿಲ್ಲದ ಊರಿನಲ್ಲಿ ಕಣಜವೊಂದೇ ನಿಂತರೆ ಅದಕ್ಕೆ ಏನೆಂದು ಹೆಸರಿಡಬೇಕು?

ನಮಗೆ ಬಾಗಿಲು ತೆಗೆದು ತೋರಿಸಿದವರು ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿದ್ದ ಒಬ್ಬ ವೃದ್ಧರು. ಕಂಬದ ವಿಷಯ ಹೇಳುತ್ತಿದ್ದಾಗ ಮೇಲೆ ವಿಮಾನವೊಂದು ಹಾದುಹೋಯಿತು. ಅದರ ಸದ್ದು ಅಡಗುವವರೆಗೆ ಅವರು ಮಾತು ನಿಲ್ಲಿಸಿ, ಅಂಗೈಯನ್ನು ಕಂಬಕ್ಕೆ ಒತ್ತಿಕೊಂಡು ನಿಂತಿದ್ದರು. ಆಮೇಲೆ ಬಿಟ್ಟಲ್ಲಿಂದ ಮುಂದುವರಿಸಿದರು.