ಹಾಸಿಗೆ ಇದ್ದಷ್ಟು ಆಳ

ಮನುಷ್ಯನ ಹವ್ಯಾಸಗಳಲ್ಲಿ ಎರಡು ಜಾತಿ. ಅಂಚೆಚೀಟಿ ಕೂಡಿಡುವುದು, ಹೂಗಿಡ ಬೆಳೆಸುವುದು ಮೊದಲಾದವು ಮನೆಯ ಮೂಲೆಯೊಂದರಲ್ಲಿ ಸದ್ದಿಲ್ಲದೆ ಬಾಳಿಕೊಂಡು ಹೋಗುವಂಥವು. ಇನ್ನು ಕೆಲವು ಸಂಬಳದ ದಿನವನ್ನೇ ಕಾದುಕೊಂಡು ಬಾಗಿಲಲ್ಲಿ ನಿಂತಿರುವಂಥವು. ಛಾಯಾಗ್ರಹಣ ಎರಡನೆಯ ಜಾತಿಗೆ ಸೇರಿದ್ದು. ಅದು ನೀರಿಗಿಳಿದರಂತೂ ಕೇಳುವುದೇ ಬೇಡ. ಹಂಪೆಯ ಕಲ್ಲಿನ ರಥ, ಜೋಗದ ಧಾರೆ, ಭಾವಮೈದುನನ ಮದುವೆ ಎಲ್ಲವನ್ನೂ ತೆಗೆದು ಮುಗಿಸಿದ ಹವ್ಯಾಸಿ ಯಾವುದೋ ಒಂದು ಸಂಜೆ ಹವಳಗಳ ನಡುವೆ ಸುಳಿಯುವ ಮೀನುಗಳ ಚಿತ್ರವನ್ನು ಕಾಣುತ್ತಾನೆ. ಅಂದಿನಿಂದ ನೆಲದ ಮೇಲೆ ತೆಗೆಯತಕ್ಕದ್ದು ಏನೂ ಉಳಿದಿಲ್ಲವೆಂದು ಅವನಿಗೆ ತೋರುತ್ತದೆ. ಮರುದಿನ ಅಂಗಡಿಯಲ್ಲಿ ಬೆಲೆ ವಿಚಾರಿಸಿ ಮನೆಗೆ ಬಂದವನ ಮುಖ ನೋಡಿ ಹೆಂಡತಿ, "ಯಾಕೆ, ಮೈಯಲ್ಲಿ ಹುಷಾರಿಲ್ಲವೆ?" ಎಂದು ಕೇಳುತ್ತಾಳೆ. ಮೈಗೇನೂ ಆಗಿಲ್ಲ. ಒಳ್ಳೆಯ ಕ್ಯಾಮೆರಾ, ಅದರ ಜಲನಿರೋಧಕ ಪೆಟ್ಟಿಗೆ, ಎರಡು ದೀಪ ಇವಿಷ್ಟರ ಬೆಲೆಯಲ್ಲಿ ಮನೆಗೆ ಎರಡು ಹೊಸ ಸ್ಕೂಟರು ಬಂದು, ಮಗಳ ಕಾಲೇಜಿನ ಶುಲ್ಕಕ್ಕೂ ಒಂದಿಷ್ಟು ಮಿಗುತ್ತಿತ್ತು.

ಇಂಥ ಬಡಪಾಯಿಗೆ ಇತಿಹಾಸವೇ ಸಮಾಧಾನ ಹೇಳುತ್ತದೆ. ಈ ಕಲೆ ಹುಟ್ಟಿದ್ದು ಶ್ರೀಮಂತರ ಅಂಗಳದಲ್ಲಲ್ಲ. 1856ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ವೇಮತ್ ಎಂಬ ಊರಿನಲ್ಲಿ ವಿಲಿಯಂ ಥಾಮ್ಸನ್ ಎಂಬ ವಕೀಲನಿದ್ದ. ಅವನು ಮರದ ಪೆಟ್ಟಿಗೆಯೊಂದನ್ನು ಮಾಡಿಸಿ, ಅದರ ಮುಖಕ್ಕೆ ಗಾಜು ಕೂಡಿಸಿ, ಒಳಗೆ ಕ್ಯಾಮೆರಾವನ್ನಿರಿಸಿ, ದೋಣಿಯಿಂದ ಸುಮಾರು 18 ಅಡಿ ಆಳಕ್ಕೆ ಇಳಿಬಿಟ್ಟ. ಗಾಜಿನ ಮುಂದಿನ ಮುಚ್ಚಳವನ್ನು ಮೇಲಿನಿಂದಲೇ ದಾರ ಜಗ್ಗಿ ತೆರೆದು, 10 ನಿಮಿಷ ಕಾದ. ನೀರಿನ ಒತ್ತಡಕ್ಕೆ ಪೆಟ್ಟಿಗೆ ಸೋರಿತು. ಆದರೂ ಗಾಜಿನ ಫಲಕದ ಮೇಲೆ ಕಲ್ಲುಗಳೂ ಕಡಲಪಾಚಿಯೂ ಮಸುಕಾಗಿ ಮೂಡಿದ್ದವು. ಸಮುದ್ರದ ಮೊದಲ ಚಿತ್ರ ತೆಗೆದ ಮಹನೀಯ ಸ್ವತಃ ನೀರಿಗಿಳಿಯಲೇ ಇಲ್ಲ ಎಂಬುದು ಈಜು ಬಾರದವರೂ ಕೇಳಿ ಸಂತೋಷಪಡತಕ್ಕ ಸಂಗತಿ.

ಅವನ ಬಳಿಕ ಬಂದವರು ನೀರಿಗಿಳಿದರು. ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ 1893ರಲ್ಲಿ ಮುಳುಗುಗಾರರ ಭಾರವಾದ ಉಡುಪು ತೊಟ್ಟು ಕಡಲ ತಳದಲ್ಲಿ ನಿಂತ. ಅವನ ಕ್ಯಾಮೆರಾದ ಪೆಟ್ಟಿಗೆಯನ್ನು ರೂಪಿಸಿಕೊಟ್ಟವನು ಅವನ ಸಹೋದರ. ಒಂದೊಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಕಾಯಬೇಕಾಗುತ್ತಿತ್ತು. 1926ರಲ್ಲಿ ಅಮೆರಿಕದ ಲಾಂಗ್ಲಿ ಮತ್ತು ಮಾರ್ಟಿನ್ ಫ್ಲಾರಿಡಾದ ಬಳಿ ಮೊದಲ ಬಣ್ಣದ ಚಿತ್ರಗಳನ್ನು ತೆಗೆದರು. ಬೆಳಕಿಗಾಗಿ ನೀರಿನ ಮೇಲೆ ತೇಲುವ ತೆಪ್ಪದಲ್ಲಿ ಮೆಗ್ನೀಸಿಯಂ ಪುಡಿಯನ್ನು ಸಿಡಿಸುತ್ತಿದ್ದರು; ಒಮ್ಮೆ ಆ ಸಿಡಿತದಿಂದ ಲಾಂಗ್ಲಿಗೆ ಸುಟ್ಟಗಾಯಗಳೂ ಆದವು. ವಿಯೆನ್ನಾದ ವಿದ್ಯಾರ್ಥಿ ಹಾನ್ಸ್ ಹಾಸ್ 1939ರಲ್ಲಿ ಕೈಯಿಂದ ಸಿದ್ಧಪಡಿಸಿದ ಪೆಟ್ಟಿಗೆಯೊಂದಿಗೆ ಕೆರಿಬಿಯನ್ ಸಮುದ್ರದಲ್ಲಿ ಮುಳುಗಿದ. ಮೀನು ಹೊಡೆಯುವ ಈಟಿಯಿಂದ ಆರಂಭವಾದ ಅವನ ಆಟ ಕೊನೆಗೆ ಈಟಿಯನ್ನು ಬಿಟ್ಟು ಕ್ಯಾಮೆರಾವನ್ನು ಮಾತ್ರ ಉಳಿಸಿಕೊಂಡಿತು. ಇವರಾರೂ ಅಂಗಡಿಯಲ್ಲಿ ಸಿದ್ಧವಾಗಿ ದೊರೆತ ಸಾಮಗ್ರಿಗಾಗಿ ಕಾದು ಕೂತವರಲ್ಲ. ಪೆಟ್ಟಿಗೆಯೇ ಬೇಡದ ಕ್ಯಾಲಿಪ್ಸೊ ಎಂಬ ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. 1963ರಿಂದ ಅದೇ ನಿಕಾನೋಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಇಷ್ಟು ಹೇಳಿದ ಮೇಲೆ ನೀರಿನ ಸ್ವಭಾವವನ್ನೂ ಅರಿಯಬೇಕು. ಮಯಸಭೆಯಲ್ಲಿ ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿ ನಗೆಪಾಟಲಾದ ದುರ್ಯೋಧನನ ಗತಿಯೇ ಹೊಸ ಛಾಯಾಗ್ರಾಹಕನದು. ನೀರೊಳಗೆ ಪ್ರತಿಯೊಂದು ವಸ್ತುವೂ ಇರುವ ದೂರದ ಮುಕ್ಕಾಲು ಭಾಗದಲ್ಲಿಯೇ ಇರುವಂತೆ, ಗಾತ್ರದಲ್ಲಿ ಮೂರನೆಯ ಒಂದು ಭಾಗದಷ್ಟು ಹೆಚ್ಚಿರುವಂತೆ ಕಾಣುತ್ತದೆ. ಮೊಳದುದ್ದದ ಮೀನು ಕಂಡೆನೆಂದು ಸಾರುವವರೆಲ್ಲ ಸುಳ್ಳುಗಾರರಲ್ಲ. ಬಣ್ಣಗಳ ಪಾಡು ಇನ್ನೂ ವಿಚಿತ್ರ. ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವುದರೊಳಗೆ ಕುಂಕುಮದ ಬಣ್ಣ ಕಂದತೊಡಗುತ್ತದೆ. ಆಮೇಲೆ ಕಿತ್ತಳೆ, ಹಳದಿ. ಕೊನೆಗೆ ಉಳಿಯುವುದು ನೀಲಿಯೊಂದೇ. ಸಾವಿರಾರು ರೂಪಾಯಿ ಸುರಿದು ಇಪ್ಪತ್ತು ಮೀಟರ್ ಇಳಿದವನು ತರುವ ಚಿತ್ರ ನೀಲಿಯ ಡಬ್ಬಿಯಲ್ಲಿ ಅದ್ದಿ ತೆಗೆದ ಬಟ್ಟೆಯಂತಿರುವುದು ಈ ಕಾರಣಕ್ಕೆ.

ಇಲ್ಲಿಯೇ ಬಡವನ ಭಾಗ್ಯ ಅಡಗಿದೆ. ಬೆಳಕೂ ಬಣ್ಣವೂ ಪುಕ್ಕಟೆಯಾಗಿ ದೊರೆಯುವುದು ಮೇಲಿನ ಮೂರು ನಾಲ್ಕು ಮೀಟರಿನಲ್ಲಿ ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆ ಇದ್ದಷ್ಟೇ ಆಳಕ್ಕೆ ಇಳಿ ಎಂದು ಅದಕ್ಕೆ ಸೇರಿಸಿಕೊಂಡರೆ ದೀಪಗಳ ಖರ್ಚು ಪೂರ್ತಿ ಉಳಿಯುತ್ತದೆ. ಸೂರ್ಯ ನೆತ್ತಿಗೆ ಸಮೀಪವಿರುವಾಗ, ಬಿಸಿಲು ಬೆನ್ನಿಗೆ ಬೀಳುವಂತೆ ನಿಂತು, ವಸ್ತುವಿಗೆ ಆದಷ್ಟು ಹತ್ತಿರ ಸರಿಯಬೇಕು. ಹತ್ತಿರವೆನಿಸಿದ ಮೇಲೂ ಇನ್ನೊಂದಿಷ್ಟು ಸರಿಯಬೇಕು. ಮಧ್ಯೆ ನೀರು ಹೆಚ್ಚಿದಷ್ಟೂ ತೇಲುವ ಧೂಳು ಹೆಚ್ಚು, ಚಿತ್ರ ಅಷ್ಟೂ ಮಂಕು. ಕ್ಯಾಮೆರಾದ ಪುಟ್ಟ ಫ್ಲಾಷನ್ನು ಬೆಳಗಿಸಿದರೆ ಆ ಧೂಳೆಲ್ಲ ಹೊಳೆದು, ಮೀನಿನ ಬದಲು ಹಿಮ ಬೀಳುವ ದೃಶ್ಯ ಮೂಡುತ್ತದೆ. ಅದನ್ನು ಆರಿಸಿಡುವುದೇ ಲೇಸು.

ಕ್ಯಾಮೆರಾವಾದರೂ ಹೊಸದೇ ಆಗಬೇಕೆಂಬ ಹಟ ಬೇಡ. ಈ ಹವ್ಯಾಸದಲ್ಲಿ ಬೇಗ ಮೇಲೇರುವವರೂ ಬೇಗ ಬೇಸರಗೊಳ್ಳುವವರೂ ಹಲವರಿರುವುದರಿಂದ ಸಣ್ಣ ಕ್ಯಾಮೆರಾ ಮತ್ತು ಅದಕ್ಕೊಪ್ಪುವ ಪ್ಲಾಸ್ಟಿಕ್ ಪೆಟ್ಟಿಗೆ ಜೋಡಿಯಾಗಿಯೇ ಎರಡನೆಯ ಕೈಯಲ್ಲಿ ದೊರೆಯುವುದುಂಟು. ಪೆಟ್ಟಿಗೆಯಿಲ್ಲದೆ 10ರಿಂದ 15 ಮೀಟರ್ ತಾಳುವ ಪುಟ್ಟ ಕ್ಯಾಮೆರಾಗಳೂ ಇವೆ. ಹಣ ಮೊದಲು ಹೋಗಬೇಕಾದುದು ಈಜಿಗೆ, ಮುಖಕ್ಕೆ ಸರಿಯಾಗಿ ಕೂಡುವ ಕನ್ನಡಕಕ್ಕೆ, ಉಸಿರಾಟದ ಕೊಳವೆಗೆ. ಈಜು ಕಲಿಯದೆ ಕ್ಯಾಮೆರಾ ಕೊಳ್ಳುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆಯೇ ಸರಿ. ಮೊದಲ ಪಾಠಶಾಲೆಯೂ ಸಮುದ್ರವಲ್ಲ, ಊರಿನ ಈಜುಕೊಳ. ಮಕ್ಕಳು ಧುಮುಕುವ ಕ್ಷಣ, ತಳದಲ್ಲಿಟ್ಟ ಸ್ಟೀಲಿನ ಲೋಟ, ಮೇಲ್ಮೈಯ ಮೇಲೆ ಕುಣಿಯುವ ಬಿಸಿಲು ಇವೇ ಮೊದಲ ಮಾದರಿಗಳು.

ಪೆಟ್ಟಿಗೆಯ ಪ್ರಾಣವಿರುವುದು ಅದರ ಬಾಗಿಲಿನ ರಬ್ಬರ್ ಉಂಗುರದಲ್ಲಿ. ಗಂಡ ಅದರ ಶಾಸ್ತ್ರವನ್ನು ಗಂಭೀರವಾಗಿ ವಿವರಿಸುತ್ತಿದ್ದರೆ ಹೆಂಡತಿ ನಗುತ್ತಾಳೆ: "ಇದೇನು ಮಹಾ! ಕುಕ್ಕರಿನ ಗ್ಯಾಸ್ಕೆಟ್ಟಿಗೆ ಒಂದು ಅಗುಳು ಸಿಕ್ಕಿಕೊಂಡರೆ ಉಗಿ ನಿಲ್ಲುತ್ತದೆಯೆ?" ಮಾತು ನೂರಕ್ಕೆ ನೂರು ನಿಜ. ಒಂದು ಕೂದಲೆಳೆ, ಒಂದು ಮರಳಿನ ಕಣ ಸಾಕು, ಇಡೀ ಕ್ಯಾಮೆರಾ ಉಪ್ಪುನೀರಿನ ಪಾಲು. ಆದ್ದರಿಂದ ಉಂಗುರವನ್ನು ಒರೆಸಿ, ಅದಕ್ಕೆಂದೇ ಇರುವ ಸಿಲಿಕೋನ್ ಜಿಡ್ಡನ್ನು ತೆಳುವಾಗಿ ಸವರಿ, ಮೊದಲ ಸಲ ಕ್ಯಾಮೆರಾವಿಲ್ಲದ ಬರಿಯ ಪೆಟ್ಟಿಗೆಯೊಳಗೆ ಒಂದು ತೆಳು ಕಾಗದವನ್ನಿಟ್ಟು ಮುಳುಗಿಸಬೇಕು. ಕಾಗದ ಒಣಗಿಯೇ ಬಂದರೆ ಮುಂದಿನ ಮಾತು. ಆದರೆ ಬಕೆಟ್ಟಿನ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಕಡಲಿನಿಂದ ಬಂದೊಡನೆ ಎಲ್ಲವನ್ನೂ ಸಿಹಿನೀರಿನಲ್ಲಿ ನೆನೆಸಿಡುವುದನ್ನು ಮರೆಯಬಾರದು. ಅದಕ್ಕೆ ಬೇಕಾಗುವುದು ಬಚ್ಚಲುಮನೆಯ ಬಕೆಟ್ಟೊಂದೇ.

ಹೀಗೆ ಸಿದ್ಧನಾದವನಿಗೆ ಕನ್ನಡ ನಾಡಿನಲ್ಲಿಯೇ ಒಂದು ತೀರ್ಥಕ್ಷೇತ್ರವಿದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ದ್ವೀಪ; ಪಾರಿವಾಳದ ದ್ವೀಪವೆಂದೂ ಅದಕ್ಕೆ ಹೆಸರು. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಅಲ್ಲಿಗೆ ಪ್ರಯಾಣ. ಅಲ್ಲಿ ನೆನಪಿಡಬೇಕಾದ ಲೆಕ್ಕ ರೂಪಾಯಿಯದಲ್ಲ. ಗಾಳಿಯ ಸಿಲಿಂಡರ್ ಹೊತ್ತವನು ಎಂದೂ ಉಸಿರು ಬಿಗಿಹಿಡಿಯಬಾರದು. ಮೇಲೇರುವಾಗ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಪ್ರಾಣಕ್ಕೇ ಎರವಾದೀತು. ಸಿಲಿಂಡರ್ ಇಲ್ಲದೆ ಉಸಿರು ಕಟ್ಟಿ ಮುಳುಗುವವನು ಎಷ್ಟೇ ನಿಪುಣನಾದರೂ ಒಬ್ಬನೇ ಇಳಿಯಬಾರದು. ಕಣ್ಣನ್ನು ಕ್ಯಾಮೆರಾಕ್ಕೆ ಒಪ್ಪಿಸಿದವನಿಗೆ ಆಳವೂ ಕಾಲವೂ ಜೊತೆಗಾರನೂ ಮರೆತುಹೋಗುತ್ತಾರೆ. ನೀರಿನಲ್ಲಿ ಅಲುಗದೆ ತೇಲಲು ಬಂದ ಮೇಲೆಯೇ ಕ್ಯಾಮೆರಾ ಕೈಗೆ ಬರಬೇಕೆಂದು ಗುರುಗಳು ಹೇಳುವುದು ಇದಕ್ಕಾಗಿ. ತೇಲಲು ಬಾರದವನ ಕಾಲು ತಗುಲಿ ವರ್ಷಗಳಿಂದ ಬೆಳೆದ ಹವಳ ಕ್ಷಣದಲ್ಲಿ ಮುರಿಯುತ್ತದೆ. ಆ ಹವಳಕ್ಕೆ 2001ರಿಂದ ಹುಲಿಗಿರುವಂಥ ಕಾನೂನಿನ ರಕ್ಷಣೆಯೇ ಇದೆ.

ಇಷ್ಟೆಲ್ಲ ಪಟ್ಟ ಪಾಡಿಗೆ ದೊರೆಯುವುದಾದರೂ ಏನು? ನೂರು ಚಿತ್ರಗಳಲ್ಲಿ ಎಂಬತ್ತು ಮೀನಿನ ಬಾಲ, ಹತ್ತೊಂಬತ್ತು ಬರಿಯ ನೀಲಿ, ಒಂದು ಮಾತ್ರ ಚಿತ್ರ. ಆ ಒಂದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕುತ್ತಾರೆ. ಮನೆಯ ಹಿರಿಯ ಮುದುಕಿ ಕನ್ನಡಕ ಸರಿಪಡಿಸಿಕೊಂಡು ಅದರ ಮುಂದೆ ನಿಲ್ಲುತ್ತಾಳೆ. ಗೋಕರ್ಣದ ಕಡಲಲ್ಲಿ ಎಷ್ಟೋ ಸಲ ಮೂಗು ಹಿಡಿದು, ಕಣ್ಣು ಮುಚ್ಚಿ, ಸಂಕಲ್ಪ ಹೇಳಿಕೊಂಡು ಮುಳುಗಿ ಎದ್ದವಳು ಅವಳು. ಹಳದಿ ಪಟ್ಟೆಯ ಮೀನನ್ನು, ಅದರ ಹಿಂದಿನ ಹವಳದ ಕೊಂಬೆಯನ್ನು, ಮೇಲಿನಿಂದ ಇಳಿದ ಬಿಸಿಲಿನ ಕೋಲನ್ನು ಬಹಳ ಹೊತ್ತು ನೋಡಿ, ಮಗನ ಕಡೆಗೆ ತಿರುಗಿ ಮೆಲ್ಲನೆ ಕೇಳುತ್ತಾಳೆ: "ಕಡಲಿನ ಒಳಗೆ ಇಷ್ಟೆಲ್ಲ ಇತ್ತೇನಪ್ಪ?"