ಆರ್.ಸಿ.ಯಲ್ಲಿರುವ ಹೆಸರು ನಿಮ್ಮದೇ?

ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಯಜಮಾನರು ಗಲ್ಫ್‌ನಲ್ಲಿರುತ್ತಾರೆ. ರಜೆಯಲ್ಲಿ ಬಂದಾಗ ಹೆಂಡತಿಯ ಹೆಸರಿನಲ್ಲಿ ಕಾರು ಕೊಳ್ಳುತ್ತಾರೆ. ಅವರು ಮರಳಿದ ಮೇಲೆ ಅದನ್ನು ಓಡಿಸುವವನು ಮೈದುನ ಅಥವಾ ತಮ್ಮ. ಕೆಲವೊಮ್ಮೆ ಆಗಷ್ಟೇ ಮೀಸೆ ಚಿಗುರಿದ ಮಗ! "ನನಗೆ ಡ್ರೈವಿಂಗೇ ಬರುವುದಿಲ್ಲ ಟೀಚರ್, ಅದೆಲ್ಲ ಗಂಡಸರ ವಿಷಯ" ಎಂದು ವಿದ್ಯಾರ್ಥಿಯೊಬ್ಬನ ತಾಯಿ ನನ್ನೊಡನೆ ಹೇಳಿದ್ದರು.

ಆದರೆ ಕಾನೂನು ಹಾಗೆ ಹೇಳುವುದಿಲ್ಲ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲಕರು. ಕಾರು ಮಾರಿದ ನಂತರವೂ ಆರ್.ಸಿ.ಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ಹಳೆಯ ಮಾಲಕರ ಮೇಲೆಯೇ ಇರುತ್ತದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಥರ್ಡ್ ಪಾರ್ಟಿ ವಿಮೆಯಿಲ್ಲದೆ ವಾಹನವನ್ನು ರಸ್ತೆಗಿಳಿಸುವಂತಿಲ್ಲ. 2019ರ ತಿದ್ದುಪಡಿಯಂತೆ ಮೊದಲ ತಪ್ಪಿಗೆ 2,000 ರೂಪಾಯಿ, ಮತ್ತೆ ಮಾಡಿದರೆ 4,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಶಿಕ್ಷೆಯಿದೆ. ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವರಿಗೂ ಇದು ಅನ್ವಯಿಸುತ್ತದೆ. ಹದಿನೆಂಟು ತುಂಬದ ಮಗ ಕಾರು ಓಡಿಸಿ ಅಪರಾಧವೆಸಗಿದರೆ ಹೆತ್ತವರಿಗೆ ಅಥವಾ ಮಾಲಕರಿಗೆ ಮೂರು ವರ್ಷಗಳವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸನ್ಸ್ ಸಿಗದು.

"ಇನ್ಶೂರೆನ್ಸ್ ಇದೆಯಲ್ಲ" ಎಂದು ಸಮಾಧಾನ ಪಡುವವರಿದ್ದಾರೆ. ಲೈಸನ್ಸ್ ಇಲ್ಲದವನು ಓಡಿಸಿದ್ದರೆ, ಗಾಯಾಳುವಿಗೆ ವಿಮಾ ಕಂಪೆನಿ ಕೊಟ್ಟ ಹಣವನ್ನು ಮಾಲಕರಿಂದ ವಸೂಲಿ ಮಾಡಲು ನ್ಯಾಯಾಲಯಗಳು ಅನುಮತಿ ನೀಡಿದ ಉದಾಹರಣೆಗಳಿವೆ. ಆಗ ಮನೆ, ಒಡವೆ ಯಾವುದೂ ಉಳಿಯಲಿಕ್ಕಿಲ್ಲ.

ವಿಮೆಯ ಬಗ್ಗೆ ನಮ್ಮ ವಿದ್ವಾಂಸರಲ್ಲಿ ಚರ್ಚೆಯಿರುವುದು ನಿಜ. ಆದರೆ ಕಾನೂನು ಕಡ್ಡಾಯಗೊಳಿಸಿದ ಕಡೆ ಅನೇಕರು ಅದಕ್ಕೆ ಅನುಮತಿ ನೀಡಿದ್ದಾರೆ. ಅಷ್ಟಕ್ಕೂ ಥರ್ಡ್ ಪಾರ್ಟಿ ವಿಮೆ ಇರುವುದು ನಮ್ಮ ಕಾರಿಗಾಗಿ ಅಲ್ಲ, ನಮ್ಮ ಕಾರಿನಿಂದ ನೊಂದವರಿಗಾಗಿ. ತಿಳಿಯದೆ ಒಬ್ಬನ ಪ್ರಾಣ ಹೋದರೂ ಅವನ ಮನೆಯವರಿಗೆ ಪರಿಹಾರಧನ ಕೊಡಬೇಕೆಂದು ಪವಿತ್ರ ಕುರ್‌ಆನ್ (ಅನ್ನಿಸಾ: 92) ಆದೇಶಿಸಿದೆ. ಉದ್ದೇಶವಿರಲಿಲ್ಲ ಎಂಬ ಮಾತು ಹೊಣೆಯನ್ನು ಇಳಿಸುವುದಿಲ್ಲ. ರಸ್ತೆ ದಾಟುತ್ತಿದ್ದ ಆ ವ್ಯಕ್ತಿಯ ದುಡಿಮೆಯಿಂದಲೇ ಒಂದು ಮನೆಯ ಒಲೆ ಉರಿಯುತ್ತಿರಬಹುದು.

ಪ್ರತಿಯೊಬ್ಬರೂ ತಮ್ಮ ಅಧೀನದಲ್ಲಿರುವುದರ ಬಗ್ಗೆ ವಿಚಾರಿಸಲ್ಪಡುವರು ಎಂದು ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ. ಸ್ತ್ರೀಯ ಹೊಣೆಯನ್ನೂ ಅವರು ಅಲ್ಲಿ ಪ್ರತ್ಯೇಕವಾಗಿ ಹೇಳಿದ್ದಾರೆ. ಕಾರಿನ ಕೀ ಕೂಡಾ ಒಂದು ಅಮಾನತ್.

ಸಹೋದರಿಯರೇ, ಇಂದೇ ಕಪಾಟು ತೆರೆದು ವಿಮೆ ಮುಗಿಯುವ ದಿನಾಂಕ ನೋಡಿರಿ. ಕೀ ಕೇಳಿದವನೊಡನೆ, ತಮ್ಮನಾದರೂ ಸರಿ, ಲೈಸನ್ಸ್ ತೋರಿಸಲು ಹೇಳಿರಿ. ಮಗ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಅವನ ಒಂದು ಹೊತ್ತಿನ ಮುನಿಸು ಇನ್ನೊಬ್ಬ ತಾಯಿಯ ಜೀವಮಾನದ ಕಣ್ಣೀರಿಗಿಂತ ಹಗುರ. ನಮ್ಮ ಕೈಯಿಂದ ಯಾರಿಗೂ ಕೇಡಾಗದಂತೆ ಅಲ್ಲಾಹನು ಕಾಪಾಡಲಿ. ಆಮೀನ್.